ಆಪ್ತಸಲಹೆ ಪ್ರಕರಣ: ಎರಡು ಸಲ ನಡೆದ ಬಟವಾಡೆ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಸೋಮವಾರಪೇಟೆ ಕಡೆಯ 54 ವರ್ಷದ ಕಾಫಿ ಬೆಳೆಗಾರರೊಬ್ಬರನ್ನು ಅವರ ಪತ್ನಿ ಕೊಯ್ಲು ಮುಗಿದ ಮೇಲೆ ನನ್ನ ಬಳಿ ಕರೆತಂದರು. ಒಂದು ಶನಿವಾರ ಸಂಜೆ ಅವರು ಕೆಲಸದವರಿಗೆ ಎರಡು ಸಲ ಬಟವಾಡೆ ಮಾಡಿದ್ದರು. ಹೆಚ್ಚಾದ ಹಣವನ್ನು ಹಿಂದಿರುಗಿಸಲು ಲೈನ್ ಮನೆಯಿಂದ (ತೋಟದ ಕೆಲಸದವರ ಸಾಲುಮನೆ) ಬಂದ ಹೆಂಗಸನ್ನು ಗದರಿಸಿ ಕಳುಹಿಸಿದ್ದರು. ಊರಿನವರು ಇದನ್ನು ಕುಡಿತದ ಲೆಕ್ಕಕ್ಕೆ ಸೇರಿಸಿದರು. ನೆನಪು, ವಿವೇಚನೆ ಕುಂದಿಸುವ ಡಿಮೆನ್ಷಿಯಾ 65 ವರ್ಷಕ್ಕೆ ಮೊದಲೂ ಬರಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯೂ ಇದೆ. ಆದ್ದರಿಂದ ಮೊದಲು ನರರೋಗ ತಜ್ಞರಲ್ಲಿಗೆ ಕಳುಹಿಸಿದೆ. ತಪಾಸಣೆಯ ನಂತರ ಡಿಮೆನ್ಷಿಯಾದ ಒಂದು ಬಗೆಯಾದ ಆಲ್ಝೈಮರ್ಸ್ ಎಂದು ಖಚಿತವಾಯಿತು.

"ಯಾರಿಗೂ ಗೊತ್ತಾಗಬಾರದು ಮೇಡಂ, ಮಗಳ ಮದುವೆ ಇನ್ನೂ ಆಗಿಲ್ಲ" ಎಂದರು ಪತ್ನಿ. ನಾನು ಅವರ ಕಡೆಗೇ ತಿರುಗಿ ಮಾತಾಡುತ್ತಿದ್ದಾಗ ಆತ, "ನಾನೂ ಇಲ್ಲೇ ಕೂತಿದ್ದೀನಲ್ಲ" ಎಂದರು. ತಪ್ಪು ನನ್ನದೇ. ಕುರ್ಚಿ ತಿರುಗಿಸಿಕೊಂಡು, ಯಾರಿಗೆ ಹೇಳಬೇಕೆಂಬುದನ್ನು ಅವರನ್ನೇ ಕೇಳಿದೆ. ಅಣ್ಣ, ತೋಟದ ಲೆಕ್ಕ ನೋಡುವ ರೈಟರ್, ಪಕ್ಕದ ತೋಟದ ಗೆಳೆಯ ಎಂದು ಮೂವರನ್ನು ಹೆಸರಿಸಿದರು.

ಬರಿಯ ಸುದ್ದಿ ತಿಳಿಸಿದರೆ ಕನಿಕರವಷ್ಟೇ ಸಿಗುತ್ತದೆ, ಆದ್ದರಿಂದ ಸುದ್ದಿಯ ಜೊತೆಗೆ ಒಂದೊಂದು ಕೆಲಸವನ್ನೂ ಒಪ್ಪಿಸಿ ಎಂದು ಸಲಹೆ ನೀಡಿದೆ. ರೈಟರ್ ಹಣ ಎಣಿಸಿ ಲಕೋಟೆಗೆ ಹಾಕಿ ಹೆಸರು ಓದುವುದು, ಯಜಮಾನರು ತಮ್ಮ ಕೈಯಾರೆ ಕೊಟ್ಟು ಪುಸ್ತಕದಲ್ಲಿ ಗುರುತು ಹಾಕುವುದು ಎಂದಾಯಿತು. ಜೀಪಿನ ಕೀಲಿ ಪತ್ನಿಯ ಕೈಗೆ ಹೋಯಿತು. ಆನೆ ಓಡಾಡುವ ದಾರಿಯಾದ್ದರಿಂದ ಸಂಜೆಯ ನಡಿಗೆಗೆ ಗೆಳೆಯ ಜೊತೆಯಾದರು. ಕಾಫಿ ಗಿಡ ಸವರುವ ಕಪಾತಿನ ಕತ್ತರಿಯನ್ನು ಮಾತ್ರ ಯಾರೂ ಕಸಿದುಕೊಳ್ಳಬಾರದೆಂದು ಹೇಳಿದೆ: ಯಾವ ರೆಕ್ಕೆ (ಕೊಂಬೆ) ಉಳಿಸಬೇಕು, ಯಾವ ಚಿಗುರು ತೆಗೆಯಬೇಕು ಎಂಬುದು ಅವರ ಕೈಗೆ ಇನ್ನೂ ಚೆನ್ನಾಗಿ ಗೊತ್ತಿದೆ.

ಕಷ್ಟವಾದದ್ದು ಕೋವಿಯ ಮಾತು. ಕೊಡವರ ಮನೆಯಲ್ಲಿ ಅದನ್ನು ಬರಿಯ ಆಯುಧವೆಂದುಕೊಂಡು ಮಾತಾಡಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಎರಡು ಭೇಟಿಗಳ ನಂತರ ಅವರೇ ದಾರಿ ಸೂಚಿಸಿದರು: ಠಾಣೆಯಲ್ಲಿ ವಿಚಾರಿಸಿ, ಕ್ರಮಬದ್ಧವಾಗಿ ಅಣ್ಣನ ವಶಕ್ಕೆ ಕೊಡುವುದು, ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬಕ್ಕೆ ಐನ್‌ಮನೆಯಲ್ಲಿ (ಕುಲದ ಮೂಲಮನೆ) ಕೋವಿಗೆ ತೋಕ್‌ಪೂ ಹೂವನ್ನು ತಾವೇ ಮುಡಿಸುವುದು.

ಕಾಗದಪತ್ರಗಳಿಗೆ ತಡಮಾಡಬೇಡಿ ಎಂದೆ. ಬುದ್ಧಿಸಾಮರ್ಥ್ಯ ಹೋದಮೇಲೆ ಸಾಮಾನ್ಯ ಅಧಿಕಾರಪತ್ರ ಊರ್ಜಿತವಾಗಿ ಉಳಿಯುವುದಿಲ್ಲ. ಜಂಟಿ ಖಾತೆ, ಉಯಿಲು ಈಗಲೇ ಆಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ, ಮುಂದೆ ತಮಗೆ ಎಂಥ ಚಿಕಿತ್ಸೆ ಬೇಕು, ತಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನೂ ಅವರು ಬರೆದಿಡಬಹುದು. ಈ ವಯಸ್ಸಿನ ಆಲ್ಝೈಮರ್ಸ್‌ನಲ್ಲೂ ಹೆಚ್ಚಿನವು ನೇರವಾಗಿ ಮಕ್ಕಳಿಗೆ ಬರುವಂಥವಲ್ಲವೆಂದು ಮಗಳಿಗೆ ತಿಳಿಸಿ, ಮನೆತನದ ಆರೋಗ್ಯದ ವಿವರಗಳೊಂದಿಗೆ ತಜ್ಞರನ್ನು ಕಾಣಲು ಹೇಳಿದೆ.

ಪತ್ನಿಗೆ ರಾತ್ರಿ ನಿದ್ದೆ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಟ್ಟಿದ್ದೇನೆ. ವಾರಕ್ಕೊಂದು ದಿನ ಅಣ್ಣನ ಮನೆಯವರು ಬಂದು ಉಳಿದುಕೊಳ್ಳಲಿ ಎಂಬ ಸಲಹೆಗೆ ಅವರು ಇನ್ನೂ ಒಪ್ಪಿಲ್ಲ. ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲೆ ನೋಡೋಣ ಎಂದಿದ್ದಾರೆ.