ಒಳಗೆ ಲೈಟು ಉರಿಯುತ್ತದೆ, ಇಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ

ಪ್ರಶ್ನೆ: ನಮ್ಮದು ಡೀಸೆಲ್ ಮೋಟರ್‌ಹೋಮ್. ಮೂರು ತಿಂಗಳಿಂದ ನಿಲ್ಲಿಸಿಯೇ ಇತ್ತು. ಈಗ ಕೀ ತಿರುಗಿಸಿದರೆ ಬರೀ ಟಕಟಕ ಸದ್ದು. ಒಳಗಿನ ಲೈಟು, ಫ್ಯಾನು, ನೀರಿನ ಪಂಪು ಎಲ್ಲ ಚೆನ್ನಾಗಿ ನಡೆಯುತ್ತಿವೆ, ಹಾಗಾಗಿ ಬ್ಯಾಟರಿ ಸರಿಯಿದೆ ಅಂತ ಕಾಣುತ್ತದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಫೋನಿನಲ್ಲೇ ‘ಸೆಲ್ಫ್ ಮೋಟರ್ ಹೋಗಿದೆ’ ಎಂದರು. ಹೊಸದು ತರಿಸಬೇಕಾ?

ಉತ್ತರ: ಈಗಲೇ ಬೇಡ. ಮೋಟರ್‌ಹೋಮ್ ಇಟ್ಟುಕೊಂಡವರಲ್ಲಿ ಬಹಳ ಜನ ಎಡವುವುದು ಇಲ್ಲೇ. ನಿಮ್ಮ ಗಾಡಿಯಲ್ಲಿ ಬ್ಯಾಟರಿ ಒಂದಲ್ಲ, ಎರಡು ಬಗೆಯವು ಇರುತ್ತವೆ. ಮನೆಯ ಭಾಗದ ಲೈಟು, ಪಂಪು, ಫ್ಯಾನುಗಳಿಗೆ ಒಂದು. ಇಂಜಿನ್ ಸ್ಟಾರ್ಟ್ ಮಾಡಲು ಇನ್ನೊಂದು. ಇಂಜಿನ್ ಓಡುವಾಗ ಮಾತ್ರ ನಡುವಿನ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್) ಎರಡನ್ನೂ ಜೋಡಿಸುತ್ತದೆ, ನಿಂತ ಮೇಲೆ ಬೇರೆ ಮಾಡುತ್ತದೆ. ಒಳಗೆ ಕೂತು ಲೈಟು ಹಾಕಿಕೊಂಡವರು ಮರುದಿನ ದಾರಿಯಲ್ಲೇ ಉಳಿಯಬಾರದು ಅಂತಲೇ ಈ ಏರ್ಪಾಡು. ಹಾಗಾಗಿ ಒಳಗೆ ಲೈಟು ಎಷ್ಟೇ ಚೆನ್ನಾಗಿ ಉರಿದರೂ ಇಂಜಿನ್ ಬ್ಯಾಟರಿಯ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ: ಎಷ್ಟೋ ಗಾಡಿಗಳಲ್ಲಿ ಮೇಲಿನ ಸೋಲಾರ್ ಪ್ಯಾನೆಲ್ಲಾಗಲಿ, ಹೊರಗಿನಿಂದ ಕೊಡುವ ಕರೆಂಟಾಗಲಿ ಮನೆಯ ಬ್ಯಾಟರಿಯನ್ನಷ್ಟೇ ಚಾರ್ಜ್ ಮಾಡುತ್ತದೆ. ಪ್ಲಗ್ ಹಾಕಿಯೇ ನಿಲ್ಲಿಸಿದ್ದರೂ ಇಂಜಿನ್ ಬ್ಯಾಟರಿ ಪೂರ್ತಿ ಇಳಿದಿರಬಹುದು.

ಹೇಗೆ ಇಳಿಯಿತು ಅಂತ ಕೇಳಬಹುದು. ಕೀ ತೆಗೆದ ಮೇಲೂ ಅಲಾರಂ, ರೇಡಿಯೋದ ಮೆಮೊರಿ, ಇಂಜಿನ್ ಕಂಪ್ಯೂಟರ್ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ, ಅದು ಜಾಸ್ತಿ ಏನಲ್ಲ. ದಿನಕ್ಕೆ 1.2 ಆಂಪಿಯರ್ ಅವರ್, ತಿಂಗಳಿಗೆ 36. ಮೂರು ತಿಂಗಳಿಗೆ 108 ಆಯಿತು. 80 ಆಂಪಿಯರ್ ಅವರ್‌ನ ಬ್ಯಾಟರಿ ಅದಕ್ಕೂ ಮೊದಲೇ ಕೈ ಕೊಟ್ಟಿರುತ್ತದೆ.

ಈಗ ಒಂದು ಸಾಧಾರಣ ಮಲ್ಟಿಮೀಟರ್ ಹಿಡಿದು ಇಂಜಿನ್ ಬ್ಯಾಟರಿ ಎಲ್ಲಿದೆ ಹುಡುಕಿ. ಬಾನೆಟ್ ಕೆಳಗಿರಬಹುದು, ಡ್ರೈವರ್ ಕಾಲ ಬಳಿಯ ನೆಲದಡಿಯೂ ಇರಬಹುದು. ಮನೆಯ ಬ್ಯಾಟರಿಯನ್ನೇ ಅಳೆದು ‘ಸರಿಯಿದೆ’ ಅನ್ನುವವರಿದ್ದಾರೆ, ಹುಷಾರು. ಲೆಡ್ ಆಸಿಡ್ ಬ್ಯಾಟರಿ ಆದರೆ 12.6 ವೋಲ್ಟ್ ಅಥವಾ ಮೇಲೆ ಬಂದರೆ ತುಂಬಿದೆ. 12.2 ಬಂದರೆ ಹೆಚ್ಚುಕಡಿಮೆ ಅರ್ಧ. 11.8ಕ್ಕಿಂತ ಕೆಳಗಿದ್ದರೆ ಖಾಲಿಯೇ ಅನ್ನಿ.

ಇಷ್ಟಕ್ಕೇ ನಿಲ್ಲಿಸಬೇಡಿ. ಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಮೇಲೇ ಹಿಡಿದುಕೊಂಡು ಇನ್ನೊಬ್ಬರಿಂದ ಕೀ ತಿರುಗಿಸಿಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡ ಕೊಟ್ಟಿರಲಿ. ವೋಲ್ಟೇಜು 9.6ಕ್ಕಿಂತ ಕೆಳಗೆ ದೊಪ್ಪನೆ ಬಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಸೆಲ್ಫ್ ಹೊಡೆಯುತ್ತಿಲ್ಲ, ಆದರೂ ವೋಲ್ಟೇಜು 12ರ ಮೇಲೇ ಕದಲದೆ ನಿಂತಿದೆ ಎಂದರೆ ಸೆಲ್ಫ್ ಕರೆಂಟು ಎಳೆಯುತ್ತಲೇ ಇಲ್ಲ. ಆಗ ವೈರು, ರಿಲೇ, ಸೆಲ್ಫ್ ಮೋಟರ್ ಕಡೆ ನೋಡಬೇಕು. ಟಕಟಕ ಅಂತ ಬೇಗ ಬೇಗ ಬರುವ ಸದ್ದು ಸಾಮಾನ್ಯವಾಗಿ ಮೊದಲ ಗುಂಪಿನದು. ಸೆಲ್ಫ್‌ನ ಸೊಲೆನಾಯ್ಡ್ (ಮೋಟರಿಗೆ ಕರೆಂಟು ಬಿಡುವ ಅಯಸ್ಕಾಂತದ ಸ್ವಿಚ್) ಹಿಡಿಯುತ್ತದೆ, ವೋಲ್ಟೇಜು ಬಿದ್ದು ಕೈ ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅದಕ್ಕೇ ಆ ಸದ್ದು.

ಚಾರ್ಜರ್ ಹಾಕಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿ, ರಾತ್ರಿಯಿಡೀ ಸುಮ್ನೆ ಬಿಟ್ಟು ಬೆಳಿಗ್ಗೆ ಅಳೆಯಿರಿ. 12.4ಕ್ಕಿಂತ ಕೆಳಗೆ ಜಾರಿದ್ದರೆ ಬ್ಯಾಟರಿ ಬದಲಿಸುವುದೇ ಸರಿ. ಖಾಲಿಯಾಗಿ ತಿಂಗಳುಗಟ್ಟಲೆ ನಿಂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ, ಅದು ಪೂರ್ತಿ ಮೊದಲಿನಂತಾಗುವುದಿಲ್ಲ.

ಅವಸರಕ್ಕೆ ಇನ್ನೊಂದು ಗಾಡಿಯಿಂದ ಜಂಪ್ ಕೊಡಬಹುದು. ಆದರೆ ಮೊದಲು ಎರಡೂ ಗಾಡಿ 12 ವೋಲ್ಟಿನವೇ ಅಂತ ಖಚಿತ ಮಾಡಿಕೊಳ್ಳಿ. ಲಾರಿ ಚಾಸಿಯ ಮೇಲೆ ಕಟ್ಟಿದ ದೊಡ್ಡ ಮೋಟರ್‌ಹೋಮ್‌ಗಳಲ್ಲಿ 24 ವೋಲ್ಟ್ ಇರುವುದುಂಟು, 12ನ್ನೂ 24ನ್ನೂ ಜೋಡಿಸಿದರೆ ಅನಾಹುತ. ಕೆಂಪು ಕೇಬಲ್ ಖಾಲಿ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಅದರ ಇನ್ನೊಂದು ತುದಿ ನಿಮ್ಮ ಇಂಜಿನ್ನಿನ ಬರೀ ಲೋಹದ ಜಾಗಕ್ಕೆ, ಬ್ಯಾಟರಿಯಿಂದ ದೂರ. ಕೊನೆಯ ತುದಿ ಹಾಕುವಾಗ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರಬಹುದು. ಅದಕ್ಕೇ ಈ ಕ್ರಮ. ದಯವಿಟ್ಟು ಇದನ್ನು ತಪ್ಪಿಸಬೇಡಿ.

ಪ್ರಶ್ನೆ: ಹೊಸ ಬ್ಯಾಟರಿ ಹಾಕಿಸಿದೆ. ಆದರೂ ಕೆಲವು ಸಲ ಒಂದೇ ಒಂದು ‘ಟಕ್’, ಆಮೇಲೆ ಏನೂ ಇಲ್ಲ. ಐದಾರು ಸಲ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ. ಹೆಡ್‌ಲೈಟ್ ಜೋರಾಗಿಯೇ ಇದೆ.

ಉತ್ತರ: ನನ್ನ ಅನುಮಾನ ಕೇಬಲ್ ಮತ್ತು ಅರ್ಥ್ ಮೇಲೆ, ಅಂದರೆ ಬ್ಯಾಟರಿಯ ಮೈನಸ್ಸನ್ನು ಇಂಜಿನ್ನಿಗೂ ಚಾಸಿಗೂ ಸೇರಿಸುವ ಜೋಡಣೆಯ ಮೇಲೆ. ಒಂದು ಲೆಕ್ಕ ನೋಡಿ. ಸೆಲ್ಫ್ ಮೋಟರ್ ಸುಮಾರು 200 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ, ಡೀಸೆಲ್ ಇಂಜಿನ್ ಆದರೆ ಇನ್ನೂ ಜಾಸ್ತಿ. ದಾರಿಯಲ್ಲಿ ಒಂದು ಕಡೆ ಸರಿಯಾಗಿ ಅಂಟದ ಜೋಡಣೆ ಇದೆ, ಅದರ ರೆಸಿಸ್ಟೆನ್ಸ್ ಬರೀ 0.01 ಓಮ್. ಅಲ್ಲೇ 2 ವೋಲ್ಟ್ ಹೋಯಿತು. ಅದೇ ಜೋಡಣೆಯ ಮೂಲಕ 10 ಆಂಪಿಯರ್ ಎಳೆಯುವ ಹೆಡ್‌ಲೈಟ್‌ಗೆ ಹೋಗುವುದು 0.1 ವೋಲ್ಟ್ ಮಾತ್ರ. ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಲೈಟು ಜೋರಾಗಿದ್ದೂ ಸೆಲ್ಫ್ ಹೊಡೆಯದಿರುವುದು ಹೀಗೆ.

ಇದನ್ನು ಊಹಿಸಬೇಕಿಲ್ಲ, ಅಳೆಯಬಹುದು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆಯೇ, ಅದರ ಸುತ್ತಲಿನ ಕ್ಲಾಂಪಿನ ಮೇಲಲ್ಲ. ಇನ್ನೊಂದು ಕಡ್ಡಿ ಇಂಜಿನ್ ಬ್ಲಾಕಿನ ಬಣ್ಣವಿಲ್ಲದ ಲೋಹಕ್ಕೆ. ಕೀ ತಿರುಗಿಸಿಸಿ, ಸೆಲ್ಫ್ ತಿರುಗುವಾಗ ನೋಡಿ. 0.2, 0.3 ವೋಲ್ಟಿನ ಒಳಗಿದ್ದರೆ ಅರ್ಥ್ ಚೆನ್ನಾಗಿದೆ. ಅರ್ಧ, ಒಂದು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ ಹಾಗೆಯೇ. ಪ್ಲಸ್ ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನವರೆಗೂ ಹೀಗೇ ನೋಡಿ, ಅಲ್ಲಿ 0.5ರ ಒಳಗಿರಬೇಕು. ಎರಡೂ ಕಡೆ ಸರಿಯಿದ್ದು, ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರಿನಲ್ಲೂ ಪೂರ್ತಿ ವೋಲ್ಟೇಜ್ ಇದ್ದು, ಆದರೂ ಬರೀ ಟಕ್ ಅಂದರೆ ಆಗ ಸೆಲ್ಫ್ ಮೋಟರ್ ಬಿಚ್ಚಿಸಿ.

ಟರ್ಮಿನಲ್ ಕ್ಲಾಂಪನ್ನು ಮೇಲಿನಿಂದ ನೋಡಿ ಚೆನ್ನಾಗಿದೆ ಅನ್ನಬೇಡಿ. ಬಿಚ್ಚಿ ಒಳಗೆ ನೋಡಿ. ಕಂಬಕ್ಕೂ ಕ್ಲಾಂಪಿಗೂ ನಡುವೆ ತೆಳ್ಳಗೆ ಬೂದುಬಣ್ಣದ ಪೊರೆ ಕೂತಿರುತ್ತದೆ, ತೊಂದರೆ ಕೊಡುವುದು ಅದೇ. ಉಜ್ಜು ಕಾಗದದಲ್ಲಿ ಹೊಳೆಯುವವರೆಗೆ ತಿಕ್ಕಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಆಮೇಲೆ ಗಾಡಿಯ ಕೆಳಗೆ ಹೋಗಿ, ಇಂಜಿನ್ನಿಗೂ ಚಾಸಿಗೂ ನಡುವಿನ ಹೆಣೆದ ಪಟ್ಟಿಯನ್ನು ಕೈಯಿಂದ ಎಳೆದು ನೋಡಿ. ರಸ್ತೆಯ ನೀರು, ಕೆಸರು ಬೀಳುವ ಜಾಗ ಅದು. ಬೋಲ್ಟಿನ ತಲೆಯ ಕೆಳಗೆ ತುಕ್ಕು ಹಿಡಿದು, ಹೊರಗಿನಿಂದ ಬಿಗಿಯಾಗಿಯೇ ಕಾಣುತ್ತಿರುತ್ತದೆ.

ಪ್ರಶ್ನೆ: ಆಟೋಮ್ಯಾಟಿಕ್ ಗೇರಿನ ಗಾಡಿ. ಕೀ ತಿರುಗಿಸಿದರೆ ಸದ್ದೇ ಇಲ್ಲ. ಬ್ಯಾಟರಿ 12.7 ವೋಲ್ಟ್ ಇದೆ.

ಉತ್ತರ: ಬ್ರೇಕ್ ಒತ್ತಿಕೊಂಡು ಗೇರನ್ನು ಪಾರ್ಕ್‌ನಿಂದ ನ್ಯೂಟ್ರಲ್‌ಗೆ ಹಾಕಿ ಪ್ರಯತ್ನಿಸಿ. ಸೆಲ್ಫ್ ಹೊಡೆದರೆ ತೊಂದರೆ ಗೇರಿನ ಸ್ವಿಚ್‌ನದು; ಗೇರು ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಸೆಲ್ಫ್ ಹೊಡೆಯಲು ಬಿಡುವ ಸ್ವಿಚ್ ಅದು. ಇಲ್ಲದಿದ್ದರೆ ಸೆಲ್ಫ್‌ನ ಫ್ಯೂಸ್, ರಿಲೇ ನೋಡಿ. ಪಕ್ಕದಲ್ಲೇ ಅದೇ ನಂಬರಿನ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು.

ಪ್ರಶ್ನೆ: ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಇಂಜಿನ್ ಮಾತ್ರ ಹಿಡಿಯುತ್ತಿಲ್ಲ.

ಉತ್ತರ: ಲೈನಿನಲ್ಲಿ ಏರ್ ಹಿಡಿದಿದೆ. ಫಿಲ್ಟರ್ ಹತ್ತಿರ ಕೈ ಪಂಪ್ ಇದ್ದರೆ ಗಟ್ಟಿಯಾಗುವವರೆಗೆ ಒತ್ತಿ. ಇಲ್ಲದಿದ್ದರೆ, ಟ್ಯಾಂಕಿನಲ್ಲಿ ಕರೆಂಟ್ ಪಂಪ್ ಇರುವ ಗಾಡಿ ಆದರೆ, ಕೀ ಆನ್ ಮಾಡಿ ಕೆಲವು ಸೆಕೆಂಡ್ ಬಿಟ್ಟು ಆಫ್ ಮಾಡಿ, ನಾಲ್ಕೈದು ಸಲ. ಫಿಲ್ಟರಿನ ರಬ್ಬರ್ ವಾಷರ್ ಸರಿಯಾಗಿ ಕೂತಿದೆಯಾ ನೋಡಿ. ಹಳೆಯ ವಾಷರ್ ಅಲ್ಲೇ ಅಂಟಿಕೊಂಡು, ಮೇಲೆ ಹೊಸದು ಕೂತಿರುವುದುಂಟು. ಡ್ಯಾಶ್‌ಬೋರ್ಡಿನಲ್ಲಿ ಕೀಯ ಚಿತ್ರವಿರುವ ದೀಪ ಮಿನುಗುತ್ತಿದ್ದರೆ ಅದು ಬೇರೆ ಕಥೆ, ಕಳ್ಳತನ ತಡೆಯಲು ಇರುವ ಇಮ್ಮೊಬಿಲೈಸರ್ ಕೀಯನ್ನು ಗುರುತಿಸುತ್ತಿಲ್ಲ. ಎರಡನೇ ಕೀ ಹಾಕಿ ನೋಡಿ.

ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ತಣ್ಣಗಾಗಲು ಬಿಡಿ. ಗಾಳಿ ಎಳೆಯುವ ಪೈಪಿಗೆ ಈಥರ್ ಸ್ಪ್ರೇ ಹೊಡೆಯಲೇಬೇಡಿ. ಹೀಟರ್ ಪ್ಲಗ್ ಇರುವ ಇಂಜಿನ್ನಿನಲ್ಲಿ ಅದು ಬಿಸಿ ಪ್ಲಗ್‌ಗೆ ತಗುಲಿ ಸಿಡಿಯುತ್ತದೆ, ಪಿಸ್ಟನ್ ಒಡೆಯಬಹುದು. ಕಾಮನ್ ರೈಲ್ ಇಂಜಿನ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವಂಥದ್ದು) ಆದರೆ ಇಂಜೆಕ್ಟರ್ ಪೈಪನ್ನು ಸಡಿಲಿಸುವ ಹಳೆಯ ಪದ್ಧತಿಯೂ ಬೇಡ. ಅಲ್ಲಿನ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಪ್ರಶ್ನೆ: ನಿಲ್ಲಿಸಿದ ಗಾಡಿಯನ್ನು ತಿಂಗಳಿಗೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕಲ್ವಾ?

ಉತ್ತರ: ಸಾಲದು. ನಿಂತಲ್ಲೇ ಓಡುವ ಇಂಜಿನ್ ಅಷ್ಟು ಹೊತ್ತಿನಲ್ಲಿ ತಿಂಗಳಿಡೀ ಸೋರಿದ 36 ಆಂಪಿಯರ್ ಅವರ್ ವಾಪಸ್ ತುಂಬಲಾರದು. ಕರೆಂಟ್ ಸಿಗುವ ಜಾಗವಾದರೆ ಇಂಜಿನ್ ಬ್ಯಾಟರಿಗೇ ಒಂದು ಸಣ್ಣ ಮೇಂಟೈನರ್ ಚಾರ್ಜರ್ ಹಾಕಿಡಿ. ಸಿಗದಿದ್ದರೆ ಮೈನಸ್ ಕೇಬಲ್ ಬಿಚ್ಚಿಡಿ. ಅಲಾರಂ ಕೆಲಸ ಮಾಡುವುದಿಲ್ಲ, ಕೆಲವು ಗಾಡಿಗಳಲ್ಲಿ ರೇಡಿಯೋ ಕೋಡ್ ಕೇಳುತ್ತದೆ. ಹಾಗಾಗಿ ಬಿಚ್ಚುವ ಮುಂಚೆ ಕೋಡ್ ಬರೆದಿಟ್ಟುಕೊಳ್ಳಿ.