ಸುಗ್ರೀವಾಜ್ಞೆಗೂ ಒಂದು ಮಿತಿ ಇದೆ

ಪ್ರಿಯ ಓದುಗರೇ,

ರಾಜ್ಯ ಸರ್ಕಾರ ತುರ್ತು ಅಂತ ಹೇಳಿ ಸುಗ್ರೀವಾಜ್ಞೆ ತರುತ್ತದೆ, ಇಲ್ಲವೇ ಗದ್ದಲದ ನಡುವೆಯೇ ಮಸೂದೆ ಪಾಸು ಮಾಡಿಸಿಕೊಳ್ಳುತ್ತದೆ, ಕೇಳುವವರೇ ಇಲ್ವಾ ಎಂದು ಬರೆದಿದ್ದೀರಿ. ಮೊದಲನೆಯದಕ್ಕೆ ಇದ್ದಾರೆ. ಎರಡನೆಯದಕ್ಕೆ ಇಲ್ಲ ಅನ್ನುವಷ್ಟು ಕಡಿಮೆ.

ಸದನ ನಡೆಯದಿರುವಾಗ, ತಕ್ಷಣ ಕ್ರಮ ಬೇಕೆಂದು ಮನವರಿಕೆಯಾದರೆ ರಾಜ್ಯಪಾಲರು ಸುಗ್ರೀವಾಜ್ಞೆ, ಅಂದರೆ ಕಾಯ್ದೆಯಷ್ಟೇ ಬಲವಿರುವ ತಾತ್ಕಾಲಿಕ ಆದೇಶ, ಹೊರಡಿಸಬಹುದು ಎನ್ನುತ್ತದೆ ಸಂವಿಧಾನದ 213ನೇ ವಿಧಿ. ಸದನ ಮತ್ತೆ ಸೇರಿದ ಮೇಲೆ ಅದರ ಆಯಸ್ಸು ಆರು ವಾರ. ಅಷ್ಟರಲ್ಲಿ ಮಸೂದೆ ಪಾಸಾಗದಿದ್ದರೆ ಬಿದ್ದುಹೋಗುತ್ತದೆ. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ದಾಟುವಂತಿಲ್ಲ. ಹಾಗಾಗಿ ಎಷ್ಟೇ ಎಳೆದರೂ ಹೆಚ್ಚುಕಡಿಮೆ ಏಳೂವರೆ ತಿಂಗಳು.

ಬಿಹಾರದವರು ಈ ಲೆಕ್ಕವನ್ನೇ ಬುಡಮೇಲು ಮಾಡಿದ್ದರು. 1967ರಿಂದ 1981ರವರೆಗೆ ಅಲ್ಲಿ 256 ಸುಗ್ರೀವಾಜ್ಞೆ ಬಂದವು. ಅವಧಿ ಮುಗಿಯುತ್ತಿದ್ದಂತೆ ಅದನ್ನೇ ಮತ್ತೆ ಹೊರಡಿಸುವುದು ರೂಢಿಯಾಗಿತ್ತು. ಕಬ್ಬಿಗೆ ಸಂಬಂಧಿಸಿದ ಒಂದಂತೂ ಹೀಗೇ 13 ವರ್ಷ ದಾಟಿ ಬದುಕಿತ್ತು! ಇದನ್ನು ಕೆದಕಿ ತೆಗೆದು ಕೋರ್ಟಿಗೆ ಹೋದವರು ಪುಣೆಯ ಅರ್ಥಶಾಸ್ತ್ರ ಪ್ರಾಧ್ಯಾಪಕ ಡಿ.ಸಿ. ವಾಧ್ವಾ. ಇದು ಸಂವಿಧಾನಕ್ಕೆ ಮಾಡಿದ ಮೋಸ ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಗ್ರೀವಾಜ್ಞೆಯನ್ನು ಸದನದ ಮುಂದೆ ಇಡಲೇಬೇಕು ಎಂದು 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪು ಕೊಟ್ಟಿತು.

ನಮ್ಮ ಕರ್ನಾಟಕದಲ್ಲಿ ವಿಧಾನಸಭೆ, ವಿಧಾನ ಪರಿಷತ್ತು ಎಂದು ಎರಡು ಸದನ ಇರುವುದರಿಂದ ಇನ್ನೊಂದು ಒಳದಾರಿ ಇದೆ. ಜಾನುವಾರು ಹತ್ಯೆ ತಡೆ ಮಸೂದೆ 2020ರ ಡಿಸೆಂಬರ್‌ನಲ್ಲಿ ವಿಧಾನಸಭೆ ದಾಟಿ ಪರಿಷತ್ತಿನಲ್ಲಿ ನಿಂತಿತು. ಜನವರಿಯಲ್ಲಿ ಸುಗ್ರೀವಾಜ್ಞೆ ಬಂತು. ಕಾಯ್ದೆಯ ಪರ, ವಿರೋಧ ಬೇರೆ ಮಾತು. ಮಸೂದೆಯನ್ನು ಮೂರು ತಿಂಗಳು ಹಿಡಿದಿಡುವ ಹಕ್ಕನ್ನು ಪರಿಷತ್ತಿಗೆ ಸಂವಿಧಾನವೇ ಕೊಟ್ಟಿರುವಾಗ, ಹೀಗೆ ಅದನ್ನು ದಾಟಿ ಹೋಗುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. 2025ರ ಮೈಕ್ರೋಫೈನಾನ್ಸ್ ಸುಗ್ರೀವಾಜ್ಞೆಯ ಕಥೆ ಬೇರೆ. ಸಾಲ ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುತ್ತಿದ್ದರು, ಜೀವ ಕಳೆದುಕೊಳ್ಳುತ್ತಿದ್ದರು. ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ ಅಂಕಿತ ಹಾಕಿದರು. ಮಾರ್ಚ್‌ನಲ್ಲಿ ಸದನ ಮಸೂದೆಯನ್ನು ಒಪ್ಪಿತು. ತುರ್ತು ಅಂದರೆ ಇದು.

ನನಗೆ ಜಾಸ್ತಿ ಚಿಂತೆ ನಿಮ್ಮ ಎರಡನೇ ದೂರಿನದ್ದು. ಬೆಳಿಗ್ಗೆ ಮಂಡಿಸಿ, ಸಂಜೆಯೊಳಗೆ ಧ್ವನಿಮತದಲ್ಲಿ ಮುಗಿಸಿದರೂ ಕಾಯ್ದೆ ನಿಲ್ಲುತ್ತದೆ. ಕಾಯ್ದೆಯಲ್ಲಿ ಇರುವುದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು. ಆದರೆ ಸದನದ ನಡಾವಳಿಯಲ್ಲಿ ಲೋಪವಾಯಿತು ಎಂಬ ಕಾರಣಕ್ಕೆ ಪ್ರಶ್ನಿಸಲು 212ನೇ ವಿಧಿ ಬಿಡುವುದಿಲ್ಲ. ಅಲ್ಲಿ ತಡೆಯಬೇಕಾದವರು ಶಾಸಕರೇ. ಮಸೂದೆಯನ್ನು ಪರಿಶೀಲನಾ ಸಮಿತಿಗೆ ಕಳಿಸಿ ಎಂದು ಅವರು ಪಟ್ಟು ಹಿಡಿಯಬಹುದು. ಮತ ವಿಭಜನೆ ಕೇಳಬಹುದು. ಆಗ ಯಾರು ಯಾವ ಕಡೆ ಎಂಬುದು ಹೆಸರಿನ ಸಮೇತ ದಾಖಲಾಗುತ್ತದೆ. ಕಳೆದ ಅಧಿವೇಶನದಲ್ಲಿ ನಿಮ್ಮ ಶಾಸಕರು ಅದನ್ನು ಕೇಳಿದ್ದರಾ? ಅವರಿಗೂ ಒಂದು ಪತ್ರ ಬರೆಯಿರಿ.

– ಸಂಪಾದಕ