ಮಂಜೇಶ್ವರದ ಕಡಲಲ್ಲಿ ಎಣ್ಣೆ ಸಿಕ್ಕರೆ ಪಾಲು ಯಾರಿಗೆ?

ಕ್ಲಬ್ಬಿನಿಂದ ಮನವಿ ಬರೆಯುತ್ತಿದ್ದೀರಿ, ಎಣ್ಣೆಯ ಹಣದಲ್ಲಿ ಕಾಸರಗೋಡಿಗೆ ಶೇಕಡಾ ಎಷ್ಟು ಕೇಳಬೇಕು, ರಾಜ್ಯದ ಗಡಿಯ ಬಗೆಗಿನ ಮಹಾಜನ ವರದಿ ಜಾರಿಯಾಗಿದ್ದರೆ ಆ ಹಣ ಕರ್ನಾಟಕಕ್ಕೆ ಬರುತ್ತಿತ್ತಾ ಅಂತ ಕೇಳಿದ್ದೀರಿ. ಓದಿ ಸುಮ್ನೆ ಇರಲು ಆಗಲಿಲ್ಲ. ಇಂಥದ್ದೇ ಮನವಿಯನ್ನು ಒಮ್ಮೆ ನಾನೇ ಬರೆದಿದ್ದೆ.

ಆಗ ಮಂಗಳೂರಿನಲ್ಲಿ ಡಿಗ್ರಿ ಮುಗಿಸಿ ಉಪ್ಪಳಕ್ಕೆ ವಾಪಸ್ ಬಂದಿದ್ದೆ. ಮಳೆಗಾಲ ಕಳೆದು ಬಂಗುಡೆ ಚೆನ್ನಾಗಿ ಬೀಳುವ ಹೊತ್ತು. ನಮ್ಮ ಕಡಲಿನಾಚೆ ಸರ್ವೆ ಹಡಗೊಂದು ಓಡಾಡುತ್ತಿತ್ತು. ಇಂಥ ಹಡಗು ತನ್ನ ಹಿಂದೆ ಕಿಲೋಮೀಟರ್‌ಗಟ್ಟಲೆ ಉದ್ದದ ಕೇಬಲ್ ಎಳೆದುಕೊಂಡು ಹೋಗುತ್ತದೆ. ಗಾಳಿಯ ಗನ್ನಿನಿಂದ ನೀರಿನೊಳಗೆ ಸದ್ದು ಮಾಡಿ, ಕಡಲ ತಳದ ಕಲ್ಲಿನ ಪದರಗಳಿಂದ ತಿರುಗಿ ಬರುವ ಅಲೆಯನ್ನು ಆ ಕೇಬಲ್ ಹಿಡಿಯುತ್ತದೆ. ಎಣ್ಣೆ ಇರಬಹುದಾ ಅಂತ ನೋಡುವ ಮೊದಲ ಹೆಜ್ಜೆ ಇದು. ಹಡಗಿನ ಜೊತೆಗಿದ್ದ ಕಾವಲು ಬೋಟಿನವರು ನಮ್ಮ ದೋಣಿಗಳಿಗೆ ದೂರ ಹೋಗಿ ಅಂತ ಕೈ ಬೀಸುತ್ತಿದ್ದರು. ಆದರೆ ರಾತ್ರಿ ಹರಿಯಬಿಟ್ಟ ಕಂತಬಲೆಯನ್ನು ಯಾರು ಸರಿಸುತ್ತಾರೆ?

ಮಾವನ ಬಲೆ ಹೀಗೇ ಹೋಯಿತು. ಉಳಿದ ತುಂಡನ್ನು ಮುಸೋಡಿಯ ಮರಳಿನ ಮೇಲೆ ಹರವಿದಾಗ ನೋಡಿದ್ದೇನೆ. ಮೇಲಿನ ಹಗ್ಗ ಕತ್ತಿಯಿಂದ ಕಡಿದ ಹಾಗೆ ನೇರವಾಗಿ ತುಂಡಾಗಿತ್ತು. ಒಂದು ಕಡೆ ಬೆಂಡುಗಳು ಸಾಲಾಗಿ ಉಳಿದಿದ್ದವು, ಇನ್ನೊಂದು ಕಡೆ ಬರೀ ನೂಲು. ಹೊಸ ಬಲೆಗೆ ಅತ್ತೆಯ ಬಳೆ ಬ್ಯಾಂಕಿಗೆ ಹೋಯಿತು.

ಊರಿನವರು ನನ್ನ ಹತ್ತಿರ ಬಂದರು. ಓದಿದವನು, ಬರೆದುಕೊಡು ಅಂದರು. ಬರೆದೆ. ಆದರೆ ಬಲೆಯ ವಿಷಯ ಕೊನೆಯ ಪುಟದ ಎರಡು ಸಾಲಿಗೆ ಇಳಿದಿತ್ತು. ಉಳಿದದ್ದೆಲ್ಲ ರಾಯಲ್ಟಿ, ಅಂದರೆ ತೆಗೆದ ಎಣ್ಣೆಗೆ ಕಂಪನಿ ಸರಕಾರಕ್ಕೆ ಕಟ್ಟುವ ಹಣದ ಮಾತು. ಈ ಕಡಲು ರಾಜ್ಯದ್ದು, ಸಿಗುವ ಎಣ್ಣೆಯಲ್ಲಿ ರಾಜ್ಯಕ್ಕೂ ನಮ್ಮ ಜಿಲ್ಲೆಗೂ ಪಾಲು ಬೇಕು, ಕೊಡದಿದ್ದರೆ ರಾಜ್ಯ ಸರಕಾರ ಸರ್ವೆಯನ್ನೇ ನಿಲ್ಲಿಸಬೇಕು ಅಂತ. ಕಳಿಸಿದ್ದೂ ರಾಜ್ಯದ ಒಂದು ಕಚೇರಿಗೆ.

ಯಾಕೆ ಹಾಗೆ ಅಂದುಕೊಂಡೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ನಮಗೆ ಕಡಲಿನ ಕಾನೂನೆಲ್ಲ ತಿರುವನಂತಪುರದಿಂದಲೇ ಬರುತ್ತದೆ. ದೋಣಿಯ ನೋಂದಣಿ ಅಲ್ಲಿಯದು. ಟ್ರಾಲಿಂಗ್ ನಿಷೇಧ ಅಲ್ಲಿಯದು. ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ ಜೂನ್ 1ಕ್ಕೇ ನಿಷೇಧ ಶುರುವಾದರೆ ನಮ್ಮಲ್ಲಿ ಜೂನ್ 9ರ ಮಧ್ಯರಾತ್ರಿ. 12 ನಾಟಿಕಲ್ ಮೈಲಿಯೊಳಗಿನ ಮೀನುಗಾರಿಕೆ ರಾಜ್ಯದ ಪಟ್ಟಿಯಲ್ಲಿದೆ, ಅದು ನಿಜ. ಮೀನು ರಾಜ್ಯದ್ದಾದರೆ ಮೀನಿನ ಕೆಳಗಿನ ನೆಲವೂ ರಾಜ್ಯದ್ದೇ ತಾನೇ ಅಂತ ನಾನು ಲೆಕ್ಕ ಹಾಕಿದೆ. ಬಾಡ್‌ಮೇರಿನ ಎಣ್ಣೆಗೆ ರಾಜಸ್ಥಾನಕ್ಕೆ ರಾಯಲ್ಟಿ ಬರುತ್ತದೆ ಅಂತ ಪೇಪರಿನಲ್ಲಿ ಓದಿದ್ದೆ. ಅದನ್ನೂ ಸೇರಿಸಿದೆ. ಯಾರಿಗೂ ತೋರಿಸಲಿಲ್ಲ, ಸಂವಿಧಾನ ತೆರೆದು ನೋಡಲಿಲ್ಲ.

297ನೇ ವಿಧಿಯನ್ನು ಓದಿದ್ದರೆ ಸಾಕಿತ್ತು. ಕಡಲ ತಳದ ಖನಿಜವೆಲ್ಲ ಕೇಂದ್ರದ್ದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ದಡಕ್ಕೆ ಹತ್ತಿರದ ಪ್ರಾದೇಶಿಕ ಜಲದ (ಈಗ ಅದು 12 ಮೈಲಿ) ತಳದ್ದು 1950ರಿಂದಲೇ ಕೇಂದ್ರದ್ದು. 1963ರ ತಿದ್ದುಪಡಿಯಲ್ಲಿ ಖಂಡದ ಅಂಚಿನ ತಳ ಸೇರಿತು, 1976ರಲ್ಲಿ 200 ಮೈಲಿಯ ಆರ್ಥಿಕ ವಲಯ ಸೇರಿತು. ಬಾಡ್‌ಮೇರಿನ ಎಣ್ಣೆ ನೆಲದ ಮೇಲಿನದ್ದು, ಅದಕ್ಕೇ ರಾಜ್ಯಕ್ಕೆ ರಾಯಲ್ಟಿ. 1974ರಲ್ಲಿ ಮುಂಬಯಿಯಾಚೆಯ ಕಡಲಿನ ಬಾಂಬೆ ಹೈಯಲ್ಲಿ ಸಿಕ್ಕ ಎಣ್ಣೆಯ ರಾಯಲ್ಟಿ ಹೋಗುವುದು ದೆಹಲಿಗೆ, ಮಹಾರಾಷ್ಟ್ರಕ್ಕಲ್ಲ. ಕಾಕಿನಾಡದಾಚೆಯ ಕಡಲಿನ ಕೃಷ್ಣಾ-ಗೋದಾವರಿ (ಕೆಜಿ) ಬೇಸಿನ್ ಗ್ಯಾಸಿನಲ್ಲಿ ಪಾಲು ಬೇಕು ಅಂತ ಆಂಧ್ರವೂ ಕೇಳಿದೆ. ಕಾನೂನು ಬದಲಾಗಲಿಲ್ಲ.

ನನ್ನ ಮನವಿಗೆ ಬಂದ ಉತ್ತರ ಚಿಕ್ಕದು: ಇದು ರಾಜ್ಯದ ವ್ಯಾಪ್ತಿಗೆ ಬರುವುದಿಲ್ಲ. ಬಲೆಯ ಎರಡು ಸಾಲೂ ಅದರ ಜೊತೆಗೇ ಮುಚ್ಚಿಹೋಯಿತು. ಸರಿಯಾದ ಜಾಗಕ್ಕೆ ಇನ್ನೊಂದು ಅರ್ಜಿ ಬರೆಯುವಷ್ಟರಲ್ಲಿ ಹಡಗು ಕೆಲಸ ಮುಗಿಸಿ ಹೋಗಿತ್ತು. ಬಲೆ ಎಲ್ಲಿ ಬಿಟ್ಟಿದ್ದಿರಿ, ಎಷ್ಟು ಹೊತ್ತಿಗೆ, ಪುರಾವೆ ಏನು ಅಂತ ಕೇಳಿದಾಗ ನಮ್ಮ ಹತ್ತಿರ ಕಾಗದದ ಚೂರೂ ಇರಲಿಲ್ಲ. ದಕ್ಷಿಣದ ಕಡೆಯ ಕೆಲವು ದೋಣಿಯವರು ಜಿಪಿಎಸ್ ಗುರುತು, ಬಲೆ ಕೊಂಡ ಬಿಲ್ಲು, ತುಂಡಾದ ಬಲೆಯ ಫೋಟೋ ಎಲ್ಲ ಇಟ್ಟುಕೊಂಡು ನೇರವಾಗಿ ಸರ್ವೆಯವರನ್ನೇ ಹಿಡಿದರು. ಅವರಿಗೆ ಒಂದಷ್ಟು ದುಡ್ಡು ಸಿಕ್ಕಿತು. ಮಾವನಿಗೆ ಏನೂ ಸಿಗಲಿಲ್ಲ. ಅದಕ್ಕೆ ನಾನು ಬರೆದ ಕಾಗದವೇ ಕಾರಣ.

ಈಗ ನಿಮ್ಮ ಮಹಾಜನ ವರದಿಯ ವಿಷಯ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ, ಅಂದರೆ ಈಗಿನ ಕರ್ನಾಟಕಕ್ಕೆ, ಸೇರಬೇಕು ಅಂತ 1967ರಲ್ಲಿ ಆ ವರದಿ ಹೇಳಿತು. ಅದು ಜಾರಿಯಾಗಿದ್ದರೆ ಶಾಲೆ, ಕಚೇರಿ, ಭಾಷೆ ಎಲ್ಲದರಲ್ಲೂ ನಮ್ಮ ಬದುಕು ಬೇರೆ ಇರುತ್ತಿತ್ತು. ಆ ನೋವು ನನಗೂ ಇದೆ. ಆದರೆ ಎಣ್ಣೆಯ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಆಗುತ್ತಿರಲಿಲ್ಲ. ಗಡಿ ಚಂದ್ರಗಿರಿಯಲ್ಲಿದ್ದರೂ ತಲಪಾಡಿಯಲ್ಲಿದ್ದರೂ ಕಡಲ ತಳ ಕೇಂದ್ರದ್ದೇ. ದಯವಿಟ್ಟು ಇವೆರಡನ್ನು ಒಂದೇ ಮನವಿಯಲ್ಲಿ ಸೇರಿಸಬೇಡಿ. ಸೇರಿಸಿದರೆ ಗಡಿ ಜಗಳ ಅಂತ ಫೈಲು ಪಕ್ಕಕ್ಕಿಡುತ್ತಾರೆ.

ಇನ್ನು ಶೇಕಡಾ ಎಷ್ಟು ಅನ್ನೋದು. ಯಾವುದರ ಶೇಕಡಾ? ಎಣ್ಣೆ, ಗ್ಯಾಸ್ ಹುಡುಕಲು ಪರವಾನಗಿ ಕೊಡುವ ಕೇಂದ್ರದ 2016ರ ಹೆಲ್ಪ್ (HELP) ನೀತಿಯ ಪ್ರಕಾರ ಆಳವಿಲ್ಲದ ಕಡಲಿನಲ್ಲಿ ರಾಯಲ್ಟಿ 7.5%. ಆಳ ಕಡಲಿನಲ್ಲಿ ಮೊದಲ 7 ವರ್ಷ ಏನೂ ಇಲ್ಲ, ಆಮೇಲೆ 5%. ಅದಕ್ಕಿಂತ ಆಳಕ್ಕೆ 7 ವರ್ಷ ಕಳೆದ ಮೇಲೆ 2%. ಎಣ್ಣೆ ಹುಡುಕುವ ಲೆಕ್ಕದಲ್ಲಿ ನಮ್ಮ ಕಡಲು ಕೇರಳ-ಕೊಂಕಣ ಬೇಸಿನ್ ಅನ್ನುವ ಪ್ರದೇಶದಲ್ಲಿದೆ, ಅದು ಮೂರನೇ ವರ್ಗದ್ದು. ಅಂದರೆ ಇರಬಹುದು ಅನ್ನುವ ಅಂದಾಜು ಮಾತ್ರ, ಈವರೆಗೆ ಮಾರುವಷ್ಟು ಉತ್ಪಾದನೆ ಆಗಿಲ್ಲ. 2019ರ ಬದಲಾವಣೆಯ ನಂತರ ಇಂಥ ಬೇಸಿನ್‌ಗಳಲ್ಲಿ ಹೊಸ ಗುತ್ತಿಗೆ ಪಡೆಯುವ ಕಂಪನಿ ಭಾರೀ ಆದಾಯ ಬರುವ ತನಕ ಕೇಂದ್ರಕ್ಕೂ ಆದಾಯದ ಪಾಲು ಕೊಡಬೇಕಾಗಿಲ್ಲ, ರಾಯಲ್ಟಿ ಕೊಟ್ಟರೆ ಸಾಕು. ಆ ರಾಯಲ್ಟಿ ತೆರಿಗೆಯಲ್ಲ. ಹಾಗಾಗಿ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯ ಮೊತ್ತದೊಳಗೆ ಅದು ಬರುವುದೇ ಇಲ್ಲ. ಹುಟ್ಟದ ಕರುವಿನ ಹಾಲಿಗೆ ನಾವು ಪಾಲು ಮಾತಾಡುತ್ತಿದ್ದೇವೆ.

ಹಾಗಂತ ಪಾಲು ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಈಗಿನ ವ್ಯವಸ್ಥೆ ಅನ್ಯಾಯ ಅಂತಲೇ ನನ್ನ ನಂಬಿಕೆ. 2025ರ ಮೇ ತಿಂಗಳಲ್ಲಿ ಎಂಎಸ್‌ಸಿ ಎಲ್ಸಾ 3 ಹಡಗು ಕೊಚ್ಚಿಯಾಚೆ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಕ್ಕೆ ಬಂದು ಬಿದ್ದವು. ಅವನ್ನು ಬಾಚಿ ತೆಗೆದವರು ದಡದವರು, ಮೀನು ಕೊಳ್ಳುವವರಿಲ್ಲದೆ ಕೂತವರೂ ದಡದವರು. ಕಡಲಿನ ಎಣ್ಣೆ ಬಾವಿ ಒಡೆದರೂ ಹೀಗೇ ಆಗುತ್ತದೆ ಅಲ್ವಾ? ಅಪಾಯ ಇಲ್ಲಿ, ದುಡ್ಡು ದೆಹಲಿಯಲ್ಲಿ.

ಅಮೆರಿಕದಲ್ಲಿ 2006ರ ಒಂದು ಕಾನೂನಿದೆ. ಮೆಕ್ಸಿಕೋ ಕೊಲ್ಲಿಯ ಕೆಲವು ಗುತ್ತಿಗೆಗಳ ಆದಾಯದಲ್ಲಿ 37.5% ಟೆಕ್ಸಾಸ್, ಲೂಯಿಸಿಯಾನ, ಮಿಸಿಸಿಪ್ಪಿ, ಅಲಬಾಮಗಳಿಗೆ ಹೋಗುತ್ತದೆ. ನನಗೆ ಅದರಲ್ಲಿ ಮುಖ್ಯ ಅನಿಸಿದ್ದು ಬೇರೆ. ಒಂದೊಂದು ರಾಜ್ಯದ ಪಾಲಿನ 20% ನೇರವಾಗಿ ಕರಾವಳಿಯ ಜಿಲ್ಲೆಗಳಿಗೇ ಸೇರಬೇಕು ಅಂತ ಆ ಕಾನೂನಿನಲ್ಲೇ ಬರೆದಿದ್ದಾರೆ. ಕೇಳುವುದಾದರೆ ಇದನ್ನು ಕೇಳಿ. ತಿರುವನಂತಪುರಕ್ಕೆ ಬಂದ ಹಣ ಮಂಜೇಶ್ವರದ ತನಕ ಬರುತ್ತದೆ ಅಂತ ನಮ್ಮ ಜಿಲ್ಲೆಯಲ್ಲಿ ಯಾರಾದರೂ ನಂಬುತ್ತಾರಾ? ಆದರೆ ಅದಕ್ಕೆ ಸಂಸತ್ತು ಕಾನೂನು ಮಾಡಬೇಕು. ಆ ಕೆಲಸ ಎಂಪಿಯದು, ಅವರಿಗೆ ಬೇರೆಯೇ ಕಾಗದ ಬರೆಯಿರಿ.

ಕ್ಲಬ್ಬಿನ ಮನವಿಯಲ್ಲಿ ಇವತ್ತೇ ಸಿಗಬಹುದಾದದ್ದನ್ನು ಮೊದಲು ಹಾಕಿ. 2020ರ ಜನವರಿಯಿಂದ ಪರಿಶೋಧನೆಯ ಹಂತದ ಬಾವಿಗೆ ಸಾರ್ವಜನಿಕ ಅಹವಾಲು ಬೇಕಾಗಿಲ್ಲ. ಯಾರೂ ಬಂದು ನಿಮ್ಮನ್ನು ಕೇಳುವುದಿಲ್ಲ, ನೀವೇ ಮೊದಲೇ ಹೋಗಬೇಕು. ಸರ್ವೆಯ ದಾರಿ, ತಾರೀಕು ಮೊದಲೇ ಬಂದರಿನಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಹಾಕಬೇಕು. ಬಂಗುಡೆ, ಬೂತಾಯಿ ಜಾಸ್ತಿ ಬೀಳುವ ತಿಂಗಳಲ್ಲಿ ಸರ್ವೆ ಬೇಡ. ಬಲೆ ಹೋದರೆ ಯಾರಿಗೆ, ಎಷ್ಟು ದಿನದೊಳಗೆ ಹೇಳಬೇಕು ಅಂತ ಬರಹದಲ್ಲಿ ಕೊಡಬೇಕು. ಪೆಟ್ರೋಲಿಯಂ ಸಚಿವಾಲಯ ಮತ್ತು ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯಕ್ಕೆ ಕಳಿಸಿ, ಪ್ರತಿ ಮಾತ್ರ ಜಿಲ್ಲಾಧಿಕಾರಿಗೆ. ಜೊತೆಗೆ ಪ್ರತಿ ದೋಣಿಯವರ ಫೋನಿನಲ್ಲೂ ಬಲೆ ಬಿಟ್ಟ ಜಾಗದ ಗುರುತು ಉಳಿಸುವುದನ್ನು ಈ ವಾರವೇ ಹೇಳಿಕೊಡಿ. ಬರೆದ ಮೇಲೆ ಇಲ್ಲಿ ಹಾಕಿ, ನಾನು ಓದಿ ತಿದ್ದಿಕೊಡುತ್ತೇನೆ.